ಕೊನೆಯ ರೊಟ್ಟಿಯ ಲೆಕ್ಕ

ಕಳೆಯುವ ಲೆಕ್ಕವನ್ನು ಯಾರಿಗೆ ಬೇಕಾದರೂ ಕಲಿಸಬಲ್ಲೆ ಎಂಬ ಧೈರ್ಯ ನನಗೆ ಬಹಳ ಕಾಲ ಇತ್ತು. ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೆ. ಚೆಟ್ಟಳ್ಳಿ ಹತ್ತಿರದ ಎಸ್ಟೇಟಿನಲ್ಲಿ ಬೆವರು ಸುರಿಸಿಯೇ ಮೇಸ್ತ್ರಿಯಾದವನು ನಾನು; ಅಷ್ಟು ಓದೇ ಹೆಚ್ಚಾಯಿತೆಂದು ತಿಳಿದಿದ್ದೆ. ಅಂಥವನಿಗೆ ಬೊಂಬಾಯಿಯ ಡಾಕ್ಟರೊಬ್ಬರು ಅರ್ಧ ಅಂದರೇನು ಎಂದು ವಿವರಿಸಲು ಹೊರಟರು.

ನನ್ನ ಹೆಂಡತಿ ಗಿರಿಜೆಗೆ ಗಂಟಲ ಥೈರಾಯ್ಡ್ ಗ್ರಂಥಿ ಕೆರಳಿ, ಎದೆ ಡವಗುಟ್ಟಿ, ಕೈ ನಡುಗುತ್ತಿತ್ತು. ಬಾಣಂತನಕ್ಕೆ ಬಂದ ಮಗಳ ಕೂಸನ್ನು ಎತ್ತಿಕೊಳ್ಳಲೂ ಹೆದರಿಕೆ. ಅದಕ್ಕೇ ಅಷ್ಟು ದೂರ ಹೊರಡಲು ಒಪ್ಪಿದ್ದಳು. ಅಲ್ಲಿ ಆ ಡಾಕ್ಟರು ಕಿರಣ ಸೂಸುವ ಅಯೋಡಿನ್ ಎಂಬ ಹೊಸ ಮದ್ದನ್ನು ನೀರಿನಂತೆ ಕುಡಿಸಿ, "ಎಂಟು ದಿನಕ್ಕೊಮ್ಮೆ ಇದರ ಕಿರಣ ಅರ್ಧಕ್ಕಿಳಿಯುತ್ತದೆ. ಒಂದು ತಿಂಗಳು ಮಗುವನ್ನು ಮುಟ್ಟಬೇಡಿ" ಎಂದರು.

ನಾನು ರೈಲಿನಲ್ಲೇ ತೀರ್ಮಾನಿಸಿದೆ: ಎಂಟು ದಿನಕ್ಕೆ ಅರ್ಧ, ಇನ್ನೆಂಟಕ್ಕೆ ಉಳಿದರ್ಧ, ಅಲ್ಲಿಗೆ ಖಾಲಿ. ತಿಂಗಳೆಂಬುದು ಡಾಕ್ಟರ ದೊಡ್ಡಸ್ತಿಕೆ.

ಊರಿನವರಿಗೂ ತಮ್ಮ ತಮ್ಮದೇ ವಿಜ್ಞಾನ. ದಿನಾ ಒಳಗೆ ಬಂದು ಕಾಫಿ ಕುಡಿಯುತ್ತಿದ್ದ ನೆರೆಮನೆಯ ಸೀತಕ್ಕ ಬೇಲಿಯಾಚೆ ನಿಂತು, "ಗಿರಿಜಕ್ಕ ಕತ್ಲಲ್ಲಿ ಹೊಳೀತಾಳಂತೆ, ಹೌದಾ ಮೇಸ್ತ್ರಿ?" ಎಂದಳು.

"ಹೌದು, ಸೀಮೆಎಣ್ಣೆ ಉಳೀತು."

ಕಾಫಿ ಲೋಟ ಮಾತ್ರ ಬೇಲಿ ದಾಟಿ ಹೋಗಿ ಬರುತ್ತಿತ್ತು. ಅದಕ್ಕೆ ಕಿರಣದ ಸೋಂಕಿಲ್ಲವೆಂದು ಸೀತಕ್ಕನೇ ಕಂಡುಹಿಡಿದಿದ್ದಳು.

ನನ್ನ ಲೆಕ್ಕದ ಗಡುವು ಮುಗಿದ ಬೆಳಿಗ್ಗೆ, ತಿಂಡಿಯಾದ ಕೂಡಲೇ ಕೂಸನ್ನು ತೊಟ್ಟಿಲಿಂದೆತ್ತಿ ಗಿರಿಜೆಯ ಕೋಣೆಗೆ ಹೊರಟೆ. "ತಗೋ ಮಾರಾಯ್ತಿ, ಎಲ್ಲಾ ಮುಗೀತು."

ಚಾಚಿದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. "ಅಲ್ಲೇ ನಿಲ್ರೀ! ಬಾಗ್ಲಾಚೆ ಆ ರೊಟ್ಟಿ ತಟ್ಟೆ ನೋಡಿ."

ಕೊನೆಯ ಅಕ್ಕಿರೊಟ್ಟಿಯನ್ನು ಇಡಿಯಾಗಿ ಎತ್ತಿಕೊಂಡವರು ನಮ್ಮ ಮನೆಯಲ್ಲಿ ಹೊಟ್ಟೆಬಾಕರು. ಹಾಗಾಗಿ ಒಬ್ಬೊಬ್ಬರೂ ಇದ್ದದ್ದರಲ್ಲಿ ಅರ್ಧ ಮುರಿದು, ಅರ್ಧ ಬಿಡುತ್ತೇವೆ.

"ಎಲ್ರೂ ಮುರಿದ್ರಿ, ಇಲ್ಲಿಂದ್ಲೇ ನೋಡ್ದೆ. ನೀವಂತೂ ಎರಡ್ಸಲ. ಖಾಲಿ ಆಯ್ತಾ?"

ತಟ್ಟೆಯಲ್ಲಿ ಬೆರಳಗಲದ ಚೂರೊಂದು ಮರ್ಯಾದೆಯಿಂದ ಕೂತಿತ್ತು.

"ಉಳಿದದ್ರಲ್ಲಿ ಅರ್ಧ ಅಂತ ಅವ್ರು ಹೇಳಿದ್ದು. ನಿಮ್ ಹಟಕ್ಕೆ ನನ್ನ ಕೂಸನ್ನ ಬಲಿ ಕೊಡ್ಬೇಡಿ."

ಕೂಸು ತೊಟ್ಟಿಲಿಗೆ ಮರಳಿತು. ಆ ಚೂರನ್ನು ಯಾರೂ ನೋಡದಾಗ ನಾನೇ ತಿಂದೆ.

ತಿಂಗಳು ತುಂಬಿದ ದಿನ ಗಿರಿಜೆ ಕೂಸನ್ನು ಎದೆಗವಚಿಕೊಂಡಳು. ಕೈ ನಡುಕವೂ ಅರ್ಧ ಇಳಿದಿತ್ತು. ಕಿರಣ ಪೂರ್ತಿ ಹೋಗಿರಲಿಲ್ಲ. ಹೆದರುವಷ್ಟು ಉಳಿದಿರಲಿಲ್ಲ, ಅಷ್ಟೇ. ನನ್ನ ಗರ್ವದ ಕತೆಯೂ ಈಗ ಹಾಗೇ ಎಂದೆ.

ಅವಳು ಕೂಸಿನಿಂದ ಕಣ್ಣೆತ್ತಲಿಲ್ಲ. "ನಿಮ್ ಗರ್ವಕ್ಕಿನ್ನೂ ಮೊದಲ್ನೇ ಎಂಟು ದಿನವೇ ತುಂಬಿಲ್ಲ ಬಿಡಿ" ಎಂದಳು.