ಕುಲುಮೆಯ ತಗಡು

ಪಾಂಡವಪುರದಲ್ಲಿ ಅಪ್ಪನ ಕುಲುಮೆ ಇದ್ದದ್ದು ಬಾಡಿಗೆ ಜಾಗದಲ್ಲಿ. ಅಲ್ಲಿ ಮಳಿಗೆ ಕಟ್ಟಿಸುತ್ತೇವೆ, ಖಾಲಿ ಮಾಡಿ ಅಂದರು ಜಾಗದವರು. ಬೆಳಗೊಳದ ನನ್ನ ಮನೆ ಹಿಂದೆ ಹೊಸ ಕುಲುಮೆ ಹಾಕಿಕೊಡುತ್ತೇನೆ ಅಂದೆ. ಅಪ್ಪ ಒಪ್ಪಿದ. ಆದರೆ ಮೇಲಿನ ತಗಡುಗಳೂ ಬರಬೇಕು, ಒಂದೂ ಹರಿಯಬಾರದು ಅಂದ.

ಬೆಳಗ್ಗೆಯೇ ಏಣಿ ಹಾಕಿ ಹತ್ತಿದೆ. ಮರುದಿನ ಜಾಗ ಬಿಟ್ಟುಕೊಡಬೇಕಿತ್ತು, ಅವತ್ತೇ ಅಮಾವಾಸ್ಯೆ ಬೇರೆ. ನಮ್ಮ ಆಚಾರಿಗಳ ಮನೆಗಳಲ್ಲಿ ಅಮಾವಾಸ್ಯೆ ದಿನ ಯಾರೂ ಹತ್ಯಾರ ಮುಟ್ಟುವುದಿಲ್ಲ. ಹಾಗಾಗಿ ಸಂಜೆಯೊಳಗೆ ಮುಗಿಸಲೇಬೇಕಿತ್ತು.

ಒಂದು ಸ್ಕ್ರೂನೂ ಜಗ್ಗಲಿಲ್ಲ. ಸೀಮೆಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ, ಇಡೀ ಮೈಭಾರ ಹಾಕಿ ತಿರುಗಿಸಿದೆ. ಸ್ಕ್ರೂ ತಲೆ ಸವೆಯಿತೇ ಹೊರತು ತಿರುಗಲಿಲ್ಲ. ಕರೆಂಟು ಆಗಲೇ ತೆಗೆಸಿದ್ದರಿಂದ ಮಿಷನ್ನಿನಲ್ಲಿ ಕೊಯ್ಯುವ ಹಾಗೂ ಇರಲಿಲ್ಲ. ಮರಗೆಲಸದವನು ನಾನು, ದಿನಾ ಸ್ಕ್ರೂಗಳ ಜೊತೆಯೇ ಬದುಕು, ಇವು ನನ್ನನ್ನೇ ಆಟ ಆಡಿಸುತ್ತಿದ್ದವು. ಕಾದ ತಗಡಿನ ಮೇಲೆ ಮಂಡಿ ಊರಲಾಗದೆ, ನಿಲ್ಲಲಾಗದೆ ಒದ್ದಾಡಿದೆ. ಕೆಳಗೆ ಅಪ್ಪ ಒಳಗೂ ಹೊರಗೂ ಓಡಾಡುತ್ತಿದ್ದ. ಘಳಿಗೆಗೊಮ್ಮೆ ಹೊತ್ತು ಎಷ್ಟಾಯಿತು ಅಂತ ಕೇಳುತ್ತಿದ್ದ. ನನಗೆ ಮೈ ಉರಿಯಿತು.

ಹೊತ್ತು ಇಳಿಯುವಾಗ ಸಾಕಾಗಿ ಇಳಿದೆ. ಒಳಗೆ ಹೋಗಿ ಫೋನಿನ ಬೆಳಕು ಬಿಟ್ಟು, ತಗಡು ಕೂತಿದ್ದ ಕಬ್ಬಿಣದ ಪಟ್ಟಿಯ ಮಸಿ ಒರೆಸಿ ನೋಡಿದೆ. ಕೆಳಗೆ ಚಾಚಿದ್ದ ಸ್ಕ್ರೂ ಮೊನೆಗಳನ್ನೆಲ್ಲ ಬಡಿದು ಚಪ್ಪಟೆ ಮಾಡಿತ್ತು. ಮೇಲಿಂದ ಜನ್ಮವಿಡೀ ತಿರುಗಿಸಿದರೂ ಅವು ಬರುತ್ತಿರಲಿಲ್ಲ. ಅದು ಅಪ್ಪನದೇ ಕೈಕೆಲಸ. ಹಿಂದೊಮ್ಮೆ ಗಾಳಿಗೆ ತಗಡು ಹಾರಿಹೋದಾಗಿನಿಂದ ಅವನಿಗೆ ಸ್ಕ್ರೂ ಮೇಲೆ ನಂಬಿಕೆ ಇರಲಿಲ್ಲ.

ಬೆಳಗಿನಿಂದ ಯಾಕೆ ಹೇಳಲಿಲ್ಲ ಅಂತ ರೇಗಿದೆ. ಅಪ್ಪ ಬೆಂಕಿಗೆ ಗಾಳಿ ಊದುವ ತಿದಿಯ ಹಿಡಿ ಸವರುತ್ತಾ ನಿಂತಿದ್ದ.

"ಸಂಜೆ ಆಗ್ಬುಟ್ರೆ ನಾಳೆ ಅಮಾಸೆ ಕಣ್ಲಾ. ಅಮಾಸೆ ದಿನ ಬಿಚ್ಚಿ ಅಂತ ಯಾರೂ ಅನ್ನಾಕಿಲ್ಲ. ಇನ್ನೊಂದಿನ ಇಲ್ಲೇ ಇರ್ಬೋದು ಅಂದ್ಕಂಡೆ."

ಸಿಟ್ಟೆಲ್ಲ ಇಳಿದು ಹೋಯಿತು. ಕಬ್ಬಿಣ ಕಡಿಯುವ ಚಾಣ ಹಿಡಿದು ಕೂತಿದ್ದರೆ ಆ ಮೊನೆಗಳನ್ನು ಕಡಿದು ಅವತ್ತೇ ಮುಗಿಸಬಹುದಿತ್ತು. ಆದರೂ ಹತ್ಯಾರ ಚೀಲಕ್ಕೆ ತುಂಬಿ, ಜಾಗದವರಿಗೆ ಫೋನು ಮಾಡಿ ಒಂದು ದಿನ ಕೇಳಿದೆ. ಗೊಣಗಿದರು, ಆದರೂ ಒಪ್ಪಿದರು.

ಅಮಾವಾಸ್ಯೆಯಿಡೀ ಅಪ್ಪ ಬೆಂಕಿಯಿಲ್ಲದ ಕುಲುಮೆ ಮುಂದೆ ಕೂತಿದ್ದನಂತೆ. ಊಟಕ್ಕೂ ಏಳಲಿಲ್ಲವೆಂದು ಪಕ್ಕದ ಟೀ ಅಂಗಡಿಯವರು ಹೇಳಿದರು.

ಮಾರನೇ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಅವನೇ ಚಾಣದಲ್ಲಿ ಎಲ್ಲ ಮೊನೆಗಳನ್ನೂ ಕಡಿದಿದ್ದ. ಮೇಲೆ ಹತ್ತಿ ಸ್ಕ್ರೂಡ್ರೈವರ್ ಇಟ್ಟೆ. ಸವೆದ ತಲೆಯ ಸ್ಕ್ರೂ ಸಲೀಸಾಗಿ ತಿರುಗಿ ಕೈಗೆ ಬಂತು. ಮುಂದಿನದಕ್ಕೆ ಸರಸರನೆ ಸರಿದೆ.

ಕೆಳಗಿನಿಂದ ಅಪ್ಪ ಅಂದ: "ನಿಧಾನಕ್ಕೆ ಬಿಚ್ಚು ಕಣ್ಲಾ."