ಚಿರುತೆಯ ಬಾಯಿ ಕಟ್ಟಿದ ಸಿನಿಮಾ

ಚೇರ್ತಲದ ನಮ್ಮ ಹಗ್ಗದಂಗಳದಲ್ಲಿ ಚಿರುತೆ ಅನ್ನುವವಳ ಬಾಯಿಗೆ ಹೆದರದವರಿರಲಿಲ್ಲ. ತೆಂಗಿನ ನಾರು ಹೊಸೆಯುತ್ತ ಹಿಂದಕ್ಕೆ ನಡೆಯುವಾಗಲೂ ರಾಟೆ ತಿರುಗಿಸುವವಳನ್ನು ಬೈಯುತ್ತಲೇ ಇರುತ್ತಿದ್ದಳು. ಗಂಡ ದೋಣಿ ಮಗುಚಿ ಸತ್ತಾಗ ಮೈದುನ ಕುಟ್ಟಪ್ಪನಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ಬೈದು ಬೈದೇ ಅವನನ್ನು ಸಾಕಿದಳು, ತಂಗಮ್ಮನನ್ನು ತಂದು ಮದುವೆಯನ್ನೂ ಮಾಡಿದಳು.

ಆ ವರ್ಷ ಆಲಪ್ಪುಳದ ಟಾಕೀಸಿಗೆ ನಮ್ಮ ಮಲಯಾಳಂ ಭಾಷೆಯದೇ ಸಿನಿಮಾ ಬಂತು. ನಮ್ಮಂಥ ಹಳ್ಳಿಯವರ ಕಥೆ. ಓಣಂಗೆ ಬಂದದ್ದನ್ನು ಕ್ರಿಸ್‌ಮಸ್ ಕಳೆದರೂ ತೆಗೆಯಲಿಲ್ಲ. ನಾವೂ ದೋಣಿ ತುಂಬ ಹೋದೆವು. ಅದರಲ್ಲೊಬ್ಬ ಅತ್ತಿಗೆ, ಬೈದು ಬೈದು ಮೈದುನ ಹೆಂಡತಿ ಸಮೇತ ಮನೆ ಬಿಡುವ ಹಾಗೆ ಮಾಡುತ್ತಾಳೆ. ನಮ್ಮ ಹೆಂಗಸರು ಮೂಗು ಸೀಟುತ್ತ ಪರದೆಯವಳಿಗೆ ಶಾಪ ಹಾಕಿದ್ದೇ ಹಾಕಿದ್ದು. ಹಿಂದಿರುಗುವಾಗ ನಮ್ಮ ಜೊತೆ ನಾರು ಹೊಸೆಯುವವಳು ನಾಣಿ ಸುಮ್ಮನಿರಬಾರದೇ?

"ಚಿರುತಕ್ಕಾ, ನಿನ್ನನ್ನೇ ನೋಡಿ ತೆಗೆದಿದ್ದಾರೆ ಕಣೇ."

ದೋಣಿಯೆಲ್ಲ ನಕ್ಕಿತು. ಚಿರುತೆ ನಗಲಿಲ್ಲ.

ಮರುದಿನ ಅಂಗಳದಲ್ಲಿ, "ತಂಗಮ್ಮಾ, ಸ್ವಲ್ಪ ನಿಧಾನ ತಿರುಗಿಸಮ್ಮ" ಅಂದಳು. ಅಯ್ಯೋ, ನನ್ನ ಕೈಯಲ್ಲಿದ್ದ ನಾರೇ ಜಾರಿತು.

"ಏನೇ ಬಂತು ನಿನಗೆ?" ಅಂದೆ.

"ಅವನು ಮನೆ ಬಿಟ್ಟು ಹೋದರೆ ನಾನು ಯಾರಿಗೆ ಅಂತ ಒಲೆ ಹಚ್ಚಲಿ?" ಅಂದಳು ಮೆಲ್ಲಗೆ.

ಕುಟ್ಟಪ್ಪ ತಡವಾಗಿ ಬಂದರೂ "ಬಾಪ್ಪಾ, ಉಣ್ಣು" ಅನ್ನುವಳು. ಅವನು ಗಂಜಿ ಅರ್ಧಕ್ಕೇ ಬಿಟ್ಟು ಏಳುವನು. ತಂಗಮ್ಮನೋ, ತಾನೇನು ತಪ್ಪು ಮಾಡಿದೆನೋ ಎಂದು ಹಿತ್ತಲಲ್ಲಿ ಅಳುವಳು. ಅತ್ತಿಗೆಗೆ ನಾವು ಬೈಯಲೂ ಬೇಡದವರಾದೆವು ಎಂದು ಗಂಡಹೆಂಡಿರು ತೀರ್ಮಾನಿಸಿಬಿಟ್ಟರು. ಒಂದು ಮಧ್ಯಾಹ್ನ ನಾನು ಬೆಂಕಿ ಕೇಳಲು ಹೋದರೆ, ಕುಟ್ಟಪ್ಪ ಸುತ್ತಿದ ಚಾಪೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

"ಅತ್ತಿಗೆ, ನಾವು ಇವಳ ತವರಿಗೆ ಹೋಗ್ತೀವಿ."

ಚಿರುತೆ ಬಾಯಿ ಮುಚ್ಚಿಕೊಂಡೇ ನಿಂತಳು. ಆಮೇಲೆ ತಡೆಯಲಾಗಲಿಲ್ಲ.

"ಹೋಗ್ತಾನಂತೆ, ಹೋಗ್ತಾನೆ. ಯಾವನ ಅಪ್ಪನ ಮನೆ ಚಾಪೆನೋ ಅದು? ಒಳಗಿಡು, ಕತ್ತೆ. ಬೆಳಗಿಂದ ಮೀನು ಉಜ್ಜಿ ಉಜ್ಜಿ ನನ್ನ ಕೈ ಸವೆದುಹೋಯ್ತು. ಇವಳೊಬ್ಬಳು, ಕಂಬದ ಹಾಗೆ ನಿಂತಿದ್ದಾಳೆ. ತಟ್ಟೆ ಹಾಕೇ."

ಕುಟ್ಟಪ್ಪ ಹೊಸ್ತಿಲ ಮೇಲೇ ಕುಸಿದು, ಅಷ್ಟು ದೊಡ್ಡ ಗಂಡಸು, ಬಿಕ್ಕಿ ಬಿಕ್ಕಿ ಅತ್ತ.

"ಯಾಕೋ ಅಳ್ತೀಯ, ಅಂಥದ್ದೇನಂದೆ ನಾನು?"

"ಇಷ್ಟು ದಿನ ಮಾತಾಡಿದ ಹಾಗೆ ಮೆತ್ತಗೆ ನೀನು ಮೊದಲು ಮಾತಾಡಿದ್ದು ಅಣ್ಣ ಸತ್ತ ದಿನ ಒಂದೇ, ಅತ್ತಿಗೆ."