ಅಕ್ಕನ ಸಹಿ

ಅಕ್ಕ ಕುರುಗೋಡಿನಲ್ಲಿ ದವಾಖಾನೆ ಇಟ್ಟುಕೊಂಡಿದ್ದಾಳೆ, ನಾನು ಸಿರುಗುಪ್ಪದಲ್ಲಿ ಕಾಲೇಜು ಮೇಷ್ಟ್ರು. ಭಾನುವಾರ ಬೆಳಿಗ್ಗೆ ಇಬ್ಬರೂ ಬಳ್ಳಾರಿಯ ಹೊರಗಿನ ಗಾಲ್ಫ್ ಮೈದಾನದಲ್ಲಿ ಸೇರುತ್ತೇವೆ. ಹಸಿರು ಹುಲ್ಲುಹಾಸನ್ನು ಕಲ್ಪಿಸಿಕೊಳ್ಳಬೇಡಿ; ಕುಳಿಯ ಸುತ್ತ ಎಣ್ಣೆ ಕಲೆಸಿದ ಮರಳು, ಉಳಿದದ್ದೆಲ್ಲ ಕೆಂಪು ನೆಲ, ಜಾಲಿ. ಆಡಿ ಮುಗಿಸಿದವರು ಹಿಂದೆ ಬರುವವರಿಗಾಗಿ ಮರಳಿನ ಮೇಲಿನ ತಮ್ಮ ಹೆಜ್ಜೆ ತಾವೇ ಅಳಿಸಿ ಹೋಗಬೇಕು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವರು ಗೆದ್ದಂತೆ. ಎಷ್ಟು ಹೊಡೆತವಾಯಿತೆಂದು ಆಡಿದವನೇ ಹೇಳಬೇಕು, ಜೊತೆಗಾರ ಕಾರ್ಡಿನಲ್ಲಿ ಬರೆದುಕೊಂಡು ಕೊನೆಗೆ ಸಹಿ ಹಾಕಬೇಕು. ಅಂಪೈರ್ ಗಿಂಪೈರ್ ಇಲ್ಲ. ಇದನ್ನೆಲ್ಲ ನನಗೆ ಕಲಿಸಿದವಳು ಅಕ್ಕ.

ಸಹಿಯ ವಿಷಯದಲ್ಲಿ ಅವಳು ಮಹಾ ಹಟಮಾರಿ. ಒಮ್ಮೆ ಗೆಳೆಯನ ಮದುವೆಗೆ ರಜೆ ಬೇಕಾಗಿ ಜ್ವರದ ಸರ್ಟಿಫಿಕೇಟ್ ಕೇಳಿದ್ದಕ್ಕೆ, "ಮೊದ್ಲು ಜ್ವರ ಬರ್ಲಿ, ಕೊಡ್ತೀನಿ" ಅಂದಳು. ಸಿಟ್ಟಿಗೆ ಮೂರು ತಿಂಗಳು ಮಾತು ಬಿಟ್ಟಿದ್ದೆ.

ಕಳೆದ ವರ್ಷದ ಪಂದ್ಯದಲ್ಲಿ ಕೊನೆಯ ಕುಳಿಗೆ ಬಂದಾಗ ನಾನು ಅವಳಿಗಿಂತ ಒಂದು ಹೊಡೆತ ಮುಂದಿದ್ದೆ. ಎಂಟು ವರ್ಷದಲ್ಲಿ ಮೊದಲ ಸಲ! ನನ್ನ ಚೆಂಡು ಜಾಲಿಯ ಬುಡದಲ್ಲಿತ್ತು. ಪಕ್ಕದ ಒಣಕಡ್ಡಿ ತೆಗೆದೆ. ಚೆಂಡು ಅರ್ಧ ಸುತ್ತು ಉರುಳಿತು. ಹಾಗಾದರೆ ಒಂದು ಹೊಡೆತ ದಂಡ, ಚೆಂಡನ್ನು ಮೊದಲಿದ್ದಲ್ಲೇ ಇಡಬೇಕು; ಇಡದೆ ಹೊಡೆದರೆ ದಂಡ ಎರಡು. ತಲೆಯೆತ್ತಿ ನೋಡಿದೆ. ಅಕ್ಕ ದೂರದಲ್ಲಿ ತನ್ನ ಕೋಲು ಒರೆಸಿಕೊಳ್ಳುತ್ತಿದ್ದಳು. ಚೆಂಡನ್ನು ಉರುಳಿ ನಿಂತಲ್ಲಿಂದಲೇ ಹೊಡೆದೆ. ಕುಳಿ ಮುಗಿದಾಗ ಅಕ್ಕ ಕೇಳಿದಳು:

"ಎಷ್ಟಾತು?"

"ಐದು."

ಅವಳದೂ ಐದೇ. ಬರೆದುಕೊಂಡಳು. ಮರಳಿನ ಮೇಲಿನ ಹೆಜ್ಜೆ ಅಳಿಸುವಾಗ ಹೇಳಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಅವಳು ಬೆನ್ನು ತಟ್ಟಿ, "ಗೆದ್ದಿ ನೋಡಲೇ! ಅವ್ವಗ ಫೋನ್ ಹಚ್ಚು" ಎಂದು ನಗುನಗುತ್ತ ಸಹಿ ಹಾಕಿದಳು. ನಾನೂ ಹಾಕಿದೆ. ಕಾರ್ಡು ಪಂದ್ಯ ನಡೆಸುವವರ ಮೇಜು ಸೇರಿತು.

ಚಹಾಕ್ಕೆ ಕುಳಿತಾಗ ಹೇಳಿಯೇಬಿಟ್ಟೆ.

"ಅಕ್ಕಾ, ಜಾಲಿ ಕೆಳಗ ಚೆಂಡು ಸರದಿತ್ತು. ಐದಲ್ಲ ಅದು, ಏಳು."

ಅವಳು ಲೋಟ ಕೆಳಗಿಟ್ಟಳು. "ಸೋತಿದ್ರ ಏನಾಕ್ಕಿತ್ತು? ನನ್ನ ಕೈಲಿ ಸುಳ್ಳಿಗೆ ಸಹಿ ಹಾಕ್ಸಿದಿಯಲ್ಲಲೇ!"

ನಾಚಿಕೆಯಿಂದ ಸತ್ತುಹೋದೆ. ಇಬ್ಬರೂ ಮೇಜಿಗೆ ಹೋದೆವು. ಸಹಿಯಾದ ಮೇಲೆ ತಪ್ಪು ಹೊರಬಿದ್ದರೆ ಪಂದ್ಯದಿಂದಲೇ ಹೊರಗೆ. ನನ್ನ ಕಾರ್ಡಿನ ಮೇಲೆ ಅಡ್ಡಗೆರೆ ಬಿತ್ತು. ಗೆಲುವಿನ ಕಪ್ ಅಕ್ಕನಿಗೆ ಬಂತು, ಅವಳು ಅದನ್ನು ಮನೆಗೂ ಒಯ್ಯಲಿಲ್ಲ.

ಮುಂದಿನ ಭಾನುವಾರ ಬರಲಾರಳು ಅಂದುಕೊಂಡಿದ್ದೆ. ಬಂದಳು. ಈಗಲೂ ನನ್ನ ಕಾರ್ಡು ಬರೆಯುವವಳು ಅವಳೇ. ಮೊದಲೆಲ್ಲ "ಎಷ್ಟಾತು?" ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡು ಮುಂದೆ ನಡೆಯುತ್ತಿದ್ದಳು. ಈಗ ನಾನು ಹೇಳಿದ ಮೇಲೂ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡುತ್ತಾಳೆ.

"ಖರೇನಾ?" ಎನ್ನುತ್ತಾಳೆ.